ರೊಟ್ಟಿ ಬಿಟ್ಟವನ ಕಸುವು

ನಮ್ಮ ಆಳಂದದ ಕಡೆ ಯಾರೂ ಯಾರನ್ನೂ ‘ಊಟವಾಯಿತೇ’ ಎಂದು ಕೇಳುವುದಿಲ್ಲ. ‘ರೊಟ್ಟಿ ತಿಂದ್ರೇನ್ರಿ’ ಎಂದೇ ಕೇಳುತ್ತಾರೆ. ಎದುರಿನವನು ಹೋಳಿಗೆ ತಿಂದಿರಲಿ, ಹುಗ್ಗಿ ಉಂಡಿರಲಿ, ಪ್ರಶ್ನೆ ಮಾತ್ರ ರೊಟ್ಟಿಯದೇ. ಜೋಳವೇ ಜೀವವಾದ ಇಂಥ ಸೀಮೆಯಲ್ಲಿ ಹುಟ್ಟಿ, ಈ ಪ್ರಶ್ನೆಗೆ ‘ಇಲ್ಲ’ವೆಂದು ಉತ್ತರಿಸುತ್ತ ಏಳು ವರ್ಷ ಬದುಕಿದ ಮಹಾನುಭಾವನೊಬ್ಬ ಇದ್ದ. ಓದುಗ ಮಹಾಶಯರೇ, ಆ ಮಹಾನುಭಾವ ನಾನೇ.

ಎಂಬತ್ತರ ದಶಕದಲ್ಲಿ ನಾನು ಆಳಂದದ ಒಂದು ಸಣ್ಣ ಗ್ರಂಥಾಲಯದ ಪಾಲಕನಾಗಿದ್ದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಓದುಗರು ತಂದ ಪುಸ್ತಕಗಳನ್ನು ಕುಳಿತಲ್ಲೇ ಪಡೆದು, ಕುಳಿತಲ್ಲೇ ಬೇರೆಯವನ್ನು ಕೊಟ್ಟು, ಮೂವತ್ತೈದು ತುಂಬುವ ಹೊತ್ತಿಗೆ ಗ್ರಂಥಪಾಲಕನೆಂಬುದಕ್ಕಿಂತ ಗಾತ್ರಪಾಲಕನೆಂಬ ಹೆಸರಿಗೇ ಹೆಚ್ಚು ಅರ್ಹನಾದೆ. ಒಂದು ದಿನ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರಲು ಟಾಂಗಾದ ಹಿಂಬದಿಯಲ್ಲಿ ಕುಳಿತೆನೋ ಇಲ್ಲವೋ, ಮುಂದೆ ಕುದುರೆಯ ಕಾಲುಗಳು ನೆಲ ಬಿಟ್ಟವು. ಟಾಂಗಾದವನು ಸ್ವಲ್ಪವೂ ಗಾಬರಿಯಾಗದೆ, “ಸಾಹೇಬ್ರ, ನೀವ್ ಮುಂದ ನನ್ನ ಬಾಜೂಕ ಕುಂದರ್ರಿ. ಕುದ್ರಿ ಹಾರಾಕತ್ತದ” ಅಂದ. ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಆದರೆ ಇಳಿಯುವಾಗ ಎರಡೂ ಮೊಣಕಾಲು ಒಟ್ಟಿಗೆ ನರಳಿದವು.

ಮೊಣಕಾಲು ತೋರಿಸಲು ಕಲಬುರ್ಗಿಗೆ ಹೋದರೆ, ಅಲ್ಲಿನ ಡಾಕ್ಟರರು ಮೊಣಕಾಲನ್ನು ಬಿಟ್ಟು ಹೊಟ್ಟೆಯನ್ನೇ ನೋಡಿದರು. ನಮ್ಮ ತಂದೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡದ್ದನ್ನು ಕೇಳಿ ತಿಳಿದು, ರೊಟ್ಟಿ, ಅನ್ನ, ಬೇಳೆ, ಬೆಲ್ಲ, ಸಕ್ಕರೆ ಎಲ್ಲವನ್ನೂ ಹೊಡೆದುಹಾಕಿದರು. ತುಪ್ಪ, ಬೆಣ್ಣೆ, ಕೆನೆಮೊಸರು, ಕೊಬ್ಬರಿ, ಸೊಪ್ಪು ಮಾತ್ರ ಉಳಿಸಿದರು. ಅದರ ಜತೆಗೆ ಭಾರ ಎತ್ತಿ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಈಗಿನ ಹುಡುಗರು ಇದಕ್ಕೆ ಕೀಟೋ ಎಂದು ಹೆಸರಿಟ್ಟಿದ್ದಾರೆ. ಆಗ ನಮ್ಮ ಕಡೆ ಅದಕ್ಕೆ ಹೆಸರಿರಲಿಲ್ಲವಾದ್ದರಿಂದ ನಾನೇ ‘ತುಪ್ಪವಾಸ’ವೆಂದು ನಾಮಕರಣ ಮಾಡಿದೆ.

ನನ್ನ ಹೆಂಡತಿ ಮಹಾದೇವಿ ಡಾಕ್ಟರರು ಬರೆದುಕೊಟ್ಟ ಚೀಟಿಯನ್ನು ಓದಿಸಿಕೊಂಡು ಕೇಳಿ, “ರೊಟ್ಟಿ ತಿನ್ನಲಾರದ ಮನಶ್ಯಾಗ ನಾ ಏನಂತ ಅಡಗಿ ಮಾಡ್ಲಿರಿ?” ಎಂದು ಒಲೆಯ ಮುಂದೆ ಕುಳಿತುಬಿಟ್ಟಳು. ಮರುದಿನವೇ ಎದ್ದು ನುಚ್ಚು ಹಾಕದೆ ಬರೀ ಹುಳಿಸೊಪ್ಪಿನ ಪುಂಡಿಪಲ್ಯ ಮಾಡಿ, ಅದರ ಮೇಲೆ ಹಿತ್ತಲ ಎಮ್ಮೆಯ ಬೆಣ್ಣೆಯನ್ನು ಮುದ್ದೆಗಟ್ಟಲೆ ಇಟ್ಟಳು. ಮೊದಲ ವಾರ ತಲೆ ಸಿಡಿಯಿತು, ಕಾಲು ಹತ್ತಿಯಾಯಿತು. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ವೈರಾಗ್ಯವೆಲ್ಲ ಹಂಚಿನ ಮೇಲಿನ ನೀರಿನಂತೆ ಆವಿಯಾಗುತ್ತಿತ್ತು. ಡಾಕ್ಟರರು ಹೇಳಿದಂತೆ ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಕುಡಿದೆ. ಎರಡನೆಯ ವಾರ ತಲೆ ಹಗುರಾಯಿತು.

ಭಾರ ಎತ್ತಲು ಮಸ್ತಾನಸಾಬರ ತಾಲೀಮಿಗೆ, ಎಂದರೆ ಗರಡಿಮನೆಗೆ, ಸೇರಿದೆ. ಅರವತ್ತು ದಾಟಿದ ಮಸ್ತಾನಸಾಬರು ಹಗಲು ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದರು. ಬೆಳಗ್ಗೆ ಗಾದಿಯಂತಹವರನ್ನು ಮನುಷ್ಯರನ್ನಾಗಿ ಮಾಡುತ್ತಿದ್ದರು. ನನ್ನ ಆಹಾರಕ್ರಮ ಕೇಳಿ ಅವರು ಹೌಹಾರಿದರು.

“ರೊಟ್ಟಿ ಬಿಟ್ಟು ಕಸರತ್ತು ಅಂದ್ರ ಎಣ್ಣಿ ಬಿಟ್ಟು ದೀಪ ಹಚ್ಚಿದಂಗ್ರಿ, ಬಸಣ್ಣೋರ!”

“ಎಣ್ಣಿ ಬಿಟ್ಟಿಲ್ರಿ ಉಸ್ತಾದ್, ಎಣ್ಣೀನೇ ಕುಡ್ಯಾಕತ್ತೇನಿ” ಅಂದೆ.

ಹತ್ತು ಬೈಠಕ್ಕಿಗೆ, ಎಂದರೆ ಹತ್ತು ಸಲ ಕುಳಿತೇಳುವುದಕ್ಕೆ, ಕಣ್ಣು ಕತ್ತಲಾಗುತ್ತಿದ್ದವನಿಂದ ಅವರು ದಿನಕ್ಕೊಂದರಂತೆ ಹೆಚ್ಚಿಸಿ ಮಾಡಿಸಿದರು. ಆಮೇಲೆ ನೆಲಕ್ಕೆ ಕೈಯೂರಿ ಹೊಡೆಯುವ ದಂಡ ಬಂತು, ಗುಂಡುಕಲ್ಲು ಬಂತು, ಕೊನೆಗೆ ಉಸುಕು ತುಂಬಿದ ಚೀಲ ಬಂತು. ಚೀಲವನ್ನು ತಬ್ಬಿ ಮೊಣಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸುವ ಕ್ರಮವನ್ನು ಅವರು ನನಗೆ ಅಕ್ಷರಾಭ್ಯಾಸದಂತೆ ಕಲಿಸಿದರು. ಹತ್ತು ತಿಂಗಳಲ್ಲಿ ಟಾಂಗಾದ ಹಿಂಬದಿಯಲ್ಲಿ ಕುಳಿತರೂ ಕುದುರೆ ನೆಲದ ಮೇಲೇ ಇರುತ್ತಿತ್ತು. ಆದರೆ ಕರಗಿದ ಕೊಬ್ಬೆಲ್ಲ ತಲೆಗೇರಿತು. ರೊಟ್ಟಿ ತಿನ್ನುವವರನ್ನು ಕಂಡರೆ ನನಗೆ ಒಂದು ಬಗೆಯ ಕರುಣೆ ಉಂಟಾಗತೊಡಗಿತು.

ಇದೇ ಸಮಯಕ್ಕೆ ನನ್ನ ತಂಗಿ ಸುವರ್ಣಳಿಗೆ ಜೇವರ್ಗಿ ಕಡೆಯ ಇಜೇರಿಯಿಂದ ಒಂದು ಸಂಬಂಧ ಬಂತು. ಹುಡುಗ ಶಾಲಾ ಮಾಸ್ತರ, ಬಂದು ಹೆಣ್ಣು ನೋಡಿಹೋಗಿದ್ದ. ಸುವರ್ಣ ಬಾಯಿಬಿಟ್ಟು ಹೇಳಲಿಲ್ಲವಾದರೂ, ಅವನು ಹೋದ ಮೇಲೆ ಎರಡು ದಿನ ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದುದನ್ನು ಮನೆಯವರೆಲ್ಲ ಕೇಳಿದ್ದೆವು. ಇನ್ನು ನಾವು ಅವರ ಮನೆ ನೋಡಿಬರಬೇಕಿತ್ತು. ಹೊರಡುವಾಗ ಅವಳು ಬಾಗಿಲವರೆಗೂ ಬಂದು ಅಂದಳು:

“ಅಣ್ಣಾ, ಅಲ್ಲಿ ಹೋಗಿ ನಿನ್ನ ತುಪ್ಪದ ಪುರಾಣ ಹಚ್ಚಬ್ಯಾಡ ನೋಡು.”

ನಾನೂ ಮಹಾದೇವಿಯೂ ಇಜೇರಿ ಮುಟ್ಟಿದಾಗ ಮಧ್ಯಾಹ್ನ. ಜೋಳದ ರಾಶಿ ಆಗಷ್ಟೇ ಮುಗಿದು ಅಂಗಳದಲ್ಲಿ ಚೀಲಗಳು ಸಾಲಾಗಿ ನಿಂತಿದ್ದವು. ಮಹಾದೇವಿ ಹೆಂಗಸರ ಜತೆ ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಹುಡುಗನ ತಂದೆ ಶಿವಶರಣಪ್ಪನವರೊಡನೆ ಮಳೆ, ಬೆಳೆ, ಬಸ್ಸುಗಳ ಮಾತಾಡಿ ಊಟಕ್ಕೆ ಕುಳಿತೆ. ತಾಟಿಗೆ ಬಿಸಿರೊಟ್ಟಿ ಬಂತು. ನಾನು ಕೈ ಅಡ್ಡ ಹಿಡಿದೆ.

“ಬ್ಯಾಡ್ರಿ, ನಾ ರೊಟ್ಟಿ ತಿನ್ನಂಗಿಲ್ಲ.”

ಶಿವಶರಣಪ್ಪನವರ ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು. ಸಂಬಂಧ ಒಪ್ಪದವರು ಹುಡುಗನ ಮನೆಯಲ್ಲಿ ಅನ್ನ ಮುಟ್ಟದೆ ಎದ್ದುಹೋಗುವುದು ನಮ್ಮ ಕಡೆಯ ರೂಢಿ. ಅದನ್ನು ನಾನು ಮರೆತಿದ್ದೆ.

“ನಮ್ಮ ಮನೀ ರೊಟ್ಟಿ ಬ್ಯಾಡಾತೇನ್ರಿ? ಹುಡುಗ ಮನಸಿಗಿ ಬಂದಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ. ಊಟದಾಗ ಯಾಕ ಹೇಳ್ತೀರಿ?”

ನಾನು ತಡವರಿಸುತ್ತ ಡಾಕ್ಟರರಿಂದ ಹಿಡಿದು ಉಸ್ತಾದರವರೆಗೆ, ತಂಗಿ ಬೇಡವೆಂದ ಪುರಾಣವನ್ನೆಲ್ಲ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನಂತೆ ನನಗೇ ಕೇಳಿಸಿತು.

“ಹತ್ತು ತಿಂಗಳ ರೊಟ್ಟಿ ಬಿಟ್ಟವರಿಗೆ ಎದ್ದು ನಿಲ್ಲಾಕ ಕಸುವು ಎಲ್ಲಿಂದ ಬರ್ತದ್ರಿ?” ಎಂದರು ಅವರು, ಮುಖ ಬೇರೆ ಕಡೆ ತಿರುಗಿಸಿ. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ನನ್ನ ಕಿವಿಯಲ್ಲಿ ಸುವರ್ಣಳ ಹಾಡು ನಿಂತುಹೋದಂತಾಯಿತು.

ಆಗ ಒಳಗಿನಿಂದ ಹುಡುಗನ ಅಜ್ಜಿ ಕೋಲೂರಿಕೊಂಡು ಬಂದರು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು.

“ಮಾತ್ಯಾಕೋ? ಖರೇ ಸುಳ್ಳು ಈಗ ತಿಳೀತದ. ತಮ್ಮಾ, ಅಕಾ ಅಲ್ಲಿ ಜ್ವಾಳದ ಚೀಲ ಅವ. ಒಂದು ಎತ್ತು, ನೋಡೋಣು.”

ಅಂಗಳಕ್ಕಿಳಿದೆ. ಬಾಯಿ ಹೊಲಿದ ಕ್ವಿಂಟಲ್ ಚೀಲ. ತಬ್ಬಿದೆ, ಮೊಣಕಾಲಿಗೆ ತಂದೆ, ಎದೆಗೆ ತಂದೆ, ಒಂದು ಉಸಿರಿಗೆ ಹೆಗಲಿಗೇರಿಸಿ ನಿಂತೆ. ಹತ್ತು ತಿಂಗಳು ಯಾವ ಜೋಳದ ನೆರಳನ್ನೂ ತುಳಿಯದೆ ಓಡಾಡಿದ್ದೆನೋ, ಆ ಜೋಳವೇ ಈಗ ಕಿವಿಗೆ ಒತ್ತಿಕೊಂಡು ಕುಳಿತಿತ್ತು. ಶಿವಶರಣಪ್ಪನವರು ಎದ್ದು ನಿಂತರು.

“ಶಾಬ್ಬಾಸ್!” ಅಂದರು ಆಯಿ. “ಎತ್ತಿದ್ದು ಎತ್ತೀದಿ, ಹಂಗ ಒಳಗ ಕ್ವಾಣ್ಯಾಗ ಇಟ್ಟು ಬಾ.”

ಇಟ್ಟು ಬಂದೆ. “ಒಂದು ಯಾರಾದ್ರೂ ಎತ್ತತಾರ, ಇನ್ನೊಂದು ಎತ್ತು” ಅಂದರು. ಎತ್ತಿದೆ. ಮೂರನೆಯದಕ್ಕೆ ಅಂಗಿ ತೊಯ್ದಿತ್ತು. ಐದನೆಯದಕ್ಕೆ ನೆರೆಮನೆಯವರು ಗೋಡೆಯ ಮೇಲಿಂದ ಇಣುಕತೊಡಗಿದರು. ಏಳನೆಯ ಚೀಲವನ್ನು ಕೋಣೆಯಲ್ಲಿಟ್ಟು ಹೊರಬಂದಾಗ ಅಂಗಳ ಖಾಲಿಯಾಗಿತ್ತು, ಶಿವಶರಣಪ್ಪನವರು ಚೊಂಬಿನಲ್ಲಿ ನೀರು ಹಿಡಿದು ನನಗಾಗಿ ನಿಂತಿದ್ದರು.

“ತಪ್ಪಾತ್ರಿ ಬೀಗರ. ನಿಮಗ ಏನ್ ನಡೀತದೋ ಅದೇ ಊಟ ಮಾಡ್ರಿ” ಅಂದರು. ಬೀಗರೆಂದು ಕರೆದರಲ್ಲ, ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

ಆಯಿ ಬಟ್ಟಲು ತುಂಬ ಬೆಣ್ಣೆ, ಬದನೆಕಾಯಿ ಪಲ್ಯ ತಂದಿಟ್ಟರು. ಯಾರೂ ರೊಟ್ಟಿಯ ಮಾತೆತ್ತಲಿಲ್ಲ. ಯಾರೂ ಒತ್ತಾಯಿಸದಿದ್ದಾಗಲೇ ಮನಸ್ಸು ಮೆತ್ತಗಾಯಿತು. ತನ್ನ ಕೈಯಾರೆ ಬಡಿದ ರೊಟ್ಟಿಯನ್ನು ಮುಚ್ಚಿಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗನ ತಾಯಿಯನ್ನು ನೋಡಿ, “ಅಕ್ಕೋರ, ಬಿಸೀದು ಒಂದು ರೊಟ್ಟಿ ಕೊಡ್ರಿ” ಅಂದೆ.

“ನಿನ್ನ ವ್ರತ ಮುರೀಬ್ಯಾಡೋ ಯಪ್ಪಾ” ಅಂದರು ಆಯಿ.

“ವ್ರತ ಅಲ್ರಿ ಆಯಿ, ಔಷಧ. ಒಂದ್ ಹೊತ್ತು ತಪ್ಪಿದ್ರ ಏನೂ ಆಗಂಗಿಲ್ಲ.”

ಆ ರೊಟ್ಟಿಯ ರುಚಿಯನ್ನು ಬಣ್ಣಿಸಲು ಹೋಗಲಾರೆ. ನನ್ನ ತಲೆಗೇರಿದ್ದ ಕೊಬ್ಬು ಅದರ ಬಿಸಿಗೇ ಕರಗಿತೆಂದರೆ ಸಾಕು. ಮರುದಿನ ಉಸ್ತಾದರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಗಡ್ಡ ನೀವಿಕೊಂಡು, “ತಂಗೀ ಸಲುವಾಗಿ ತಿಂದ ರೊಟ್ಟಿ ಮಾಫ್. ಆದ್ರ ಐವತ್ತು ಬೈಠಕ್ ಹೊಡೀರಿ, ಚಪ್ಪರ್ಸಿ ತಿಂದೀರಿ” ಅಂದರು.

ಮದುವೆಯಾಯಿತು. ನನ್ನ ತುಪ್ಪವಾಸ ಮತ್ತೆ ಆರು ವರ್ಷ ನಡೆಯಿತು, ಇಜೇರಿಗೆ ಹೋದಾಗ ಒಂದು ರೊಟ್ಟಿಯ ವಿನಾಯಿತಿಯೊಡನೆ. ಸುವರ್ಣಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನಾನು ನೆರೆದವರ ಮುಂದೆ ಆ ಏಳು ಚೀಲಗಳ ಪರಾಕ್ರಮವನ್ನು, ಎಂಟೆಂದು ತಿದ್ದಿ, ವರ್ಣಿಸುತ್ತಿದ್ದೆ. ಆಯಿ ಬೊಚ್ಚುಬಾಯಿ ತೆರೆದು ನಗತೊಡಗಿದರು.

“ನೀ ರೊಟ್ಟಿ ತಿನ್ನಂಗಿಲ್ಲಂತ ನಿನ್ ಹೇಣ್ತಿ ಬಂದ ಕೂಡ್ಲೇ ಒಳಗ ನನ್ನ ಕಿವ್ಯಾಗ ಹೇಳಿದ್ಲೋ ತಮ್ಮಾ. ನನಗ ಎಲ್ಲಾ ಗೊತ್ತಿತ್ತು.”

“ಮತ್ತ ಚೀಲ ಯಾಕ ಎತ್ತಿಸಿದ್ರಿ?”

“ಮಳಿ ಮಾಡ ಕವಿದಿತ್ತೋ ಯಪ್ಪಾ! ಹಮಾಲರು ಬಂದಿದ್ದಿಲ್ಲ!”

ಮಹಾದೇವಿ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಮನೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕ ರಭಸಕ್ಕೆ ತೊಟ್ಟಿಲ ಕೂಸು ಎಚ್ಚರಗೊಂಡು ಕಿರುಚಿತು. ಎಲ್ಲರೂ ಒಮ್ಮೆಗೇ ನನ್ನ ಕಡೆ ನೋಡಿದರು. ಎತ್ತುವ ಕೆಲಸವೆಂದ ಮೇಲೆ, ಆ ಮನೆಯಲ್ಲಿ ಇನ್ನಾರ ಪಾಲಿಗೆ ಬಂದೀತು? ಎತ್ತಿಕೊಂಡೆ.