ತೊಳೆದ ಹೂವಿನ ಶರಬತ್ತು

ನ್ಯೂಜೆರ್ಸಿಯಲ್ಲಿ ಆ ವರ್ಷ ನಮ್ಮವರ ಬಾಯಲ್ಲೆಲ್ಲ ಸ್ಟಾಕಿನದೇ ಜಪ. ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ಅವರಿಗೆ ಕಂಪನಿ ಕೊಟ್ಟ ಸ್ಟಾಕ್ ಆಪ್ಷನ್ಸ್ ಎಷ್ಟಕ್ಕೆ ಏರಿತೆಂಬ ಕೊರೆತ ಕೇಳಬೇಕು. ನಮ್ಮ ಕನ್ನಡ ಕೂಟದ ಅಧ್ಯಕ್ಷರು ಆ ದುಡ್ಡಿನಲ್ಲಿ ನಮ್ಮ ಪಕ್ಕದ ಮನೆಯನ್ನೇ ಕೊಂಡರು. ಮಾರಿದ್ದು ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಒಬ್ಬ ಮುದುಕಿ. ಅವರ ಹಿತ್ತಲಲ್ಲಿ ಒಂದು ಎಲ್ಡರ್ ಗಿಡವಿತ್ತು. ಜೂನ್ ಬಂತೆಂದರೆ ಮೈತುಂಬ ಕೆನೆಬಣ್ಣದ ಪುಟ್ಟ ಹೂಗಳ ಗೊಂಚಲು. ಆ ಹೂವಿನಿಂದ ಅವರು ಪ್ರತಿವರ್ಷ, ತಮ್ಮ ತಾಯಿ ಮಾಡುತ್ತಿದ್ದ ಹಾಗೆಯೇ, ಕಾರ್ಡಿಯಲ್ ಮಾಡುತ್ತಿದ್ದರು. ನೀರು ಬೆರೆಸಿ ಕುಡಿಯುವ ಶರಬತ್ತು ಅದು. ಅಧ್ಯಕ್ಷರು ಗಿಡವನ್ನು ಒಮ್ಮೆ ನೋಡಿ, "ಇದನ್ನ ತೆಗೆಸಿ ಕೂತ್ಕೊಳ್ಳೋಕೆ ಮರದ ಡೆಕ್ ಹಾಕಿಸ್ತೀನಿ" ಎಂದುಬಿಟ್ಟರು.

ಮುದುಕಿಯ ಪಾತ್ರೆಪಡಗವೆಲ್ಲ ಆಗಲೇ ಪ್ಯಾಕ್ ಆಗಿತ್ತು. ಅವರು ಅಷ್ಟೂ ಹೂವನ್ನು ಕತ್ತರಿಸಿ, ಬುಟ್ಟಿಯಲ್ಲಿ ತುಂಬಿ ನನ್ನ ಕೈಗಿಟ್ಟರು.

"ನಿಮ್ಮ ಕನ್ನಡ ಕೂಟದ ಪಿಕ್ನಿಕ್ಕಿಗೆ ಮಾಡು. ನಾನೂ ಬಂದು ಕೊನೆಯ ಸಲ ಕುಡಿದು ಹೋಗುತ್ತೇನೆ. ತೊಳೆಯಬೇಡ, ಹುಳ ಕೊಡವಿದರೆ ಸಾಕು. ಪರಿಮಳ ಇರುವುದೇ ಆ ಹಳದಿ ಪುಡಿಯಲ್ಲಿ. ಸಕ್ಕರೆ ಪಾಕದಲ್ಲಿ ನಿಂಬೆಹಣ್ಣಿನ ಜೊತೆ ಸುಮ್ಮನೆ ನೆನೆಯಲಿ."

ನಾನು ಪಾಕ ಆರಲು ಇಟ್ಟಿದ್ದೆ. ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಹೆಲ್ಪ್ ಮಾಡಲು ವಕ್ಕರಿಸಿದರು.

"ಅಯ್ಯೋ, ತೊಳೀದೇ ಹಾಕ್ತೀಯೇನೇ? ಹಕ್ಕಿ ಗಲೀಜು ಮಾಡಿರತ್ತೆ!"

"ತೊಳೀಬಾರದಂತೆ ಆಂಟಿ, ಘಮ ಹೋಗ್ಬಿಡತ್ತೆ."

"ಅವರಿಗೇನ್ ಗೊತ್ತು ಕ್ಲೀನ್‌ಲಿನೆಸ್ಸು? ಪೇಪರಲ್ಲಿ ಒರೆಸ್ಕೊಳ್ಳೋ ಜನ!"

ವಾರದ ಹಿಂದಿನ ಸಾಂಬಾರನ್ನು ಫ್ರೀಜರಿನಿಂದ ತೆಗೆದು ಉಣ್ಣುವ ಹೆಂಗಸಿಗೆ ಆ ದಿನ ಎಲ್ಲಿಲ್ಲದ ಮಡಿ ಉಕ್ಕಿ ಬಂದಿತ್ತು. ನಾನು ಬಿಡದೆ ಹಿಡಿದುಕೊಂಡಿದ್ದ ಬುಟ್ಟಿಯನ್ನು ಕಿತ್ತುಕೊಂಡು ನಲ್ಲಿಯ ಕೆಳಗೆ ಹಿಡಿದರು. ಅಕ್ಕಿ ತೊಳೆದಂತೆ ಕಿವುಚಿ ಕಿವುಚಿ ತೊಳೆದರು. ಹಳದಿ ನೀರು ಸಿಂಕಿನಲ್ಲಿ ಇಳಿದುಹೋಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಮೈ ಉರಿಯಿತು. ಅಷ್ಟಕ್ಕೇ ಬಿಟ್ಟರೇ? ಸೇಫ್ಟಿಗೆಂದು ಪಾಕದ ಸಮೇತ ಕುದಿಸಿ, ಮುಷ್ಟಿ ಏಲಕ್ಕಿ ಜಜ್ಜಿ ಸುರಿದು, ಸಾಲದ್ದಕ್ಕೆ ಪಚ್ಚಕರ್ಪೂರ ಉದುರಿಸಿದರು.

"ಈಗ ನೋಡು, ಬಾಯಿಗಿಡೋ ಹಾಗಾಯ್ತು" ಎಂದು ಕೈ ಒರೆಸಿಕೊಂಡರು.

ಪಿಕ್ನಿಕ್ಕಿನಲ್ಲಿ ಅಧ್ಯಕ್ಷರು ಲೋಟ ಎತ್ತಿ, "ಪಾನಕ ಅಂದ್ರೆ ಇದು ನೋಡ್ರೀ! ಈ ಅಮೆರಿಕದೋರ ಸೋಡಾ ಎಲ್ಲ ನಿವಾಳಿಸಿ ಎಸೀಬೇಕು" ಎಂದು ಮೀಸೆ ಒರೆಸಿಕೊಂಡರು. ಜನ ಚಪ್ಪಾಳೆಯನ್ನೂ ತಟ್ಟಿದರು. ತಟ್ಟದೆ ಏನು, ಯಾವ ಕಂಪನಿಯಲ್ಲಿ ಯಾರನ್ನು ಕೆಲಸಕ್ಕೆ ಸೇರಿಸಬೇಕೆಂಬ ಮಾತು ಅವರ ಕೈಯಲ್ಲಿತ್ತು. ಆಮೇಲೆ ಅವರು ಮುದುಕಿಗೂ ಒಂದು ಲೋಟ ಕೊಟ್ಟು, "ಅವರ್ ಟ್ರೆಡಿಷನ್, ಮೇಡಮ್. ವೆರಿ ಏನ್ಷಿಯಂಟ್" ಎಂದು ಎದೆಯುಬ್ಬಿಸಿದರು.

ಮುದುಕಿ ಕೊನೆಯ ಗುಟುಕಿನವರೆಗೂ ಮರ್ಯಾದೆಯಿಂದ ಕುಡಿದು, ಚೆನ್ನಾಗಿದೆಯೆಂದು ತಲೆದೂಗಿದರು. ಖಾಲಿ ಲೋಟ ಕೆಳಗಿಟ್ಟು, ನನ್ನನ್ನು ಹತ್ತಿರ ಕರೆದು, ಮೆಲ್ಲಗೆ ಕೇಳಿದರು:

"ನನ್ನ ಹೂವಿನದನ್ನು ಯಾವಾಗ ಕೊಡುತ್ತೀ?"