ಡಿಸೆಂಬರ್ ಆದ ಮೇಲಿನ ಫೆಬ್ರವರಿ

2023ರಲ್ಲಿ ನಾನು ಮಲೇಷ್ಯಾದ ಸುಬಾಂಗ್ ಜಯಾ ಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಹುಬ್ಬಳ್ಳಿಯಿಂದ ಬಂದಿದ್ದ ಶಿವಲೀಲಾ ನನ್ನ ಮಾರ್ಗದರ್ಶನದಲ್ಲಿ ಎಂ.ಎ. ಪ್ರಬಂಧ ಬರೆದಿದ್ದಳು. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಇಬ್ಬರು ಬರಹಗಾರ್ತಿಯರ ಪತ್ರವ್ಯವಹಾರ ಅದರ ವಿಷಯ. ಒಬ್ಬಳು ಗೆಳತಿಯ ಹಸ್ತಪ್ರತಿಯನ್ನು ಫೆಬ್ರವರಿಯ ಕಾಗದದಲ್ಲಿ ಅಕ್ಕರೆಯಿಂದ ಹೊಗಳಿದ್ದಳು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನೇ ಹಿಗ್ಗಾಮುಗ್ಗಾ ಟೀಕಿಸಿದ್ದಳು. ಆಮೇಲೆ ಪತ್ರಗಳಿಲ್ಲ. ಒಂದು ಟೀಕೆ ಸ್ನೇಹವನ್ನೇ ಮುರಿಯಿತು ಎಂಬುದು ಶಿವಲೀಲಾಳ ವಾದ. ನಾನು ಮೆಚ್ಚಿ ಸಹಿ ಹಾಕಿದ್ದೆ.

ವೈವಾ, ಅಂದರೆ ಮೌಖಿಕ ಪರೀಕ್ಷೆ, ಯುಗಾದಿಯ ಮರುದಿನ ಇತ್ತು. ಅವಳ ವೀಸಾ ಮುಗಿಯಲು ಒಂದೇ ತಿಂಗಳು. ಪ್ರಬಂಧ ತಿರಸ್ಕೃತವಾದರೆ ಪದವಿಯಿಲ್ಲದೆ ಊರಿಗೆ ಹೊರಡಬೇಕು.

ಹಬ್ಬದ ಹಿಂದಿನ ದಿನ ಕೌಲಾಲಂಪುರದ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬೇವು ಕೊಳ್ಳುತ್ತಿದ್ದೆ. ಅಂಗಡಿಯ ತಮಿಳು ಹೆಂಗಸು ನಕ್ಕಳು: "ಅಕ್ಕಾ, ಯುವರ್ ನ್ಯೂ ಇಯರ್ ಮಾರ್ಚ್ ಆ? ಅವರ್ಸ್ ಏಪ್ರಿಲ್ ಲಾ!"

ತಟ್ಟನೆ ನೆನಪಾಯಿತು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲೂ ಕಾನೂನಿನ ಪ್ರಕಾರ ಹೊಸ ವರ್ಷ ಮಾರ್ಚ್ 25ಕ್ಕೇ. ಆ ಲೆಕ್ಕದಲ್ಲಿ ಒಂದು ವರ್ಷದ ಡಿಸೆಂಬರ್ ಕಳೆದ ಮೇಲೆ ಅದೇ ವರ್ಷದ ಫೆಬ್ರವರಿ ಬರುತ್ತದೆ. ನಮ್ಮ ಪತ್ರಗಳು ಆ ಕಾಲದವು. ಮನೆಗೆ ಓಡಿ ಪ್ರತಿಗಳನ್ನು ತೆರೆದೆ. ಫೆಬ್ರವರಿಯ ಕಾಗದದಲ್ಲಿ "ನಾನಾಡಿದ ಕಟು ಮಾತು" ಎಂಬ ಸಾಲಿತ್ತು. ಯಾವುದೋ ಹಳೆಯ ಜಗಳವಿರಬೇಕೆಂದು ನಾವಿಬ್ಬರೂ ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೆವು. ಟೀಕೆ ಮೊದಲು, ಅಕ್ಕರೆ ಆಮೇಲೆ. ಆ ಟೀಕೆಯಿಂದ ಸ್ನೇಹ ಮುರಿದೇ ಇರಲಿಲ್ಲ.

ಫೋನಿನಲ್ಲಿ ವಿಷಯ ತಿಳಿಸಿದಾಗ ಶಿವಲೀಲಾ ಅತ್ತಳು. "ಎರಡ ವರ್ಷ ಓದೀರಿ ಮೇಡಂ, ನಿಮಗ ಕಾಣಲಿಲ್ಲೇನ್ರಿ?" ಆಮೇಲೆ, "ಸುಮ್ನಿದ್ರ ಯಾರಿಗೆ ಗೊತ್ತಾಗ್ತೈತ್ರಿ?" ಎಂದಳು.

ಸುಳ್ಳೇಕೆ ಹೇಳಲಿ, ನನಗೂ ಅದೇ ಆಸೆಯಿತ್ತು. "ನಿನ್ನಿಷ್ಟ" ಎಂದು ಫೋನಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ವೈವಾದಲ್ಲಿ ಪ್ರಶ್ನೆಗಳು ಆರಂಭವಾಗುವ ಮೊದಲೇ ಅವಳು ಎದ್ದು ನಿಂತಳು. ತನ್ನ ಎರಡನೇ ಅಧ್ಯಾಯ ತಪ್ಪೆಂದು ಹೇಳಿ ಕಾರಣ ವಿವರಿಸಿದಳು. "ಮಾರ್ಗದರ್ಶಕರು ನೋಡಿರಲಿಲ್ಲವೇ?" ಎಂದರು ಪರೀಕ್ಷಕರು. ನನ್ನ ಸಹಿಯಿದ್ದ ಪುಟ ಅವಳ ಮುಂದೆಯೇ ಇತ್ತು. ಅವಳು ಅದರ ಮೇಲೆ ಕೈಯಿಟ್ಟು ಮುಚ್ಚಿದಳು.

"ನೋಡಿ ಒಪ್ಪಿದವಳು ನಾನೇ," ಎಂದು ಎದ್ದು ನಿಂತೆ.

ತಿದ್ದಲು ಮೂರು ತಿಂಗಳು ಕೊಟ್ಟರು. ವೀಸಾ ವಿಸ್ತರಣೆಗೆ ಕಾಲೇಜೇ ಪತ್ರ ಬರೆಯಿತು. ಶಿವಲೀಲಾ ತೇರ್ಗಡೆಯಾದಳು.

ತಾರೀಖಿನ ಆ ವಿಷಯ ನನಗೆ ಗೊತ್ತಿಲ್ಲದ್ದಲ್ಲ, ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಗೊತ್ತಿದ್ದೂ ತಪ್ಪುವುದು ಎಲ್ಲ ವೃತ್ತಿಯಲ್ಲೂ ಇದ್ದದ್ದೇ. ಆದರೆ ಸಹಿ ಹಾಕಿದವರು ತಪ್ಪು ಹೊರಬೀಳುವ ದಿನ ಮೊದಲು ಏಳಬೇಕು. ಅಂದು ಆ ಕೋಣೆಯಲ್ಲಿ ನಾನು ಎರಡನೆಯವಳಾಗಿ ಎದ್ದೆ.