ನೆಟ್ ನಿಲ್ಲುವ ಹೊತ್ತು

ಫೋಟೊಗಳಿಗೆ ಚೌಕಟ್ಟು ಹಾಕುವ ಅಂಗಡಿಯವನಿಗೆ ಬೀದಿಯ ಜನ ಮೂಲೆಮಟ್ಟ ಎಂದು ಹೆಸರಿಟ್ಟಿದ್ದರು. ಎರಡು ಮರದ ಪಟ್ಟಿಗಳು ಮೂಲೆಯಲ್ಲಿ ನೆಟ್ಟಗೆ ಕೂಡಿವೆಯೇ ಎಂದು ಇಟ್ಟು ನೋಡುವ ಆ ಸಲಕರಣೆ ಅವನ ಕೈಯಲ್ಲಿ ಇಲ್ಲದ ಹೊತ್ತಿನಲ್ಲೂ ಕಣ್ಣಿನಲ್ಲಿ ಇರುತ್ತಿತ್ತು. ಯಾರು ಏನು ಹೇಳಿದರೂ ತಲೆಯನ್ನು ಒಂದಿಷ್ಟು ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ನೋಡುವನು. ಮಾತಿನಲ್ಲಿ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸಂದಿ ಉಳಿದಿದೆ ಎಂಬ ಗುಮಾನಿ. ತರಕಾರಿಯವಳು ಬೆಂಡೆಕಾಯಿ ಎಳೆಯದು ಎಂದರೆ ತುದಿ ಮುರಿದು ನೋಡದೆ ಬಿಡುತ್ತಿರಲಿಲ್ಲ. ಮಳೆ ಬರುತ್ತಿದೆ ಎಂದು ಹೆಂಡತಿ ಒಳಗಿನಿಂದ ಕೂಗಿದರೆ ಹೊರಗೆ ಹೋಗಿ ಅಂಗೈ ಒಡ್ಡಿದ ಮೇಲೆಯೇ ಒಪ್ಪುವನು.

ಅಂಥವನ ಮನೆಗೆ ಟ್ಯಾಬ್ ಬಂತು. ಹೆಂಡತಿಯ ಅಕ್ಕನ ಮಗಳು ತಾನು ಹೊಸದನ್ನು ಕೊಂಡು, ಹಳೆಯದನ್ನು ಚಿಕ್ಕಮ್ಮನಿಗೆ ಕೊಟ್ಟಳು. ಧಾರಾವಾಹಿಗಳು ಬರುವ ಹಾಗೆ ಎಲ್ಲ ಹಾಕಿಕೊಟ್ಟು, ಒತ್ತುವುದು ಎಲ್ಲಿ, ನಿಲ್ಲಿಸುವುದು ಎಲ್ಲಿ ಎಂದು ತೋರಿಸಿ ಹೋದಳು. ಮೂಲೆಮಟ್ಟ ಅದನ್ನು ತಿರುವಿ ಮುರುವಿ ನೋಡಿದ. ಮೇಲಂಚಿನಲ್ಲಿ ಸಾಸಿವೆಯಷ್ಟು ದಪ್ಪದ ಒಂದು ಕಣ್ಣಿತ್ತು. ಚೌಕಟ್ಟಿನ ಬೆನ್ನಿಗೆ ಅಂಟಿಸುವ ಕಂದು ಕಾಗದದ ಚೂರೊಂದನ್ನು ಕತ್ತರಿಸಿ ಅದರ ಮೇಲೆ ಮೆತ್ತಿದ.

"ನಮ್ಮ ಮುಖ ನೋಡಿ ಅದಕ್ಕೆ ಏನಾಗ್ಬೇಕಂತೆ?" ಎಂದು ಹೆಂಡತಿ ನಕ್ಕಳು.

"ಅದನ್ನೇ ನಾನೂ ಕೇಳ್ತಿರೋದು."

ಆದರೂ ಆ ಸಣ್ಣ ಪರದೆ ಮನೆಯಲ್ಲಿ ಒಂದು ಕೆಲಸ ಮಾಡಿತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಕಿರಿದಾದ ಪ್ಯಾಸೇಜು. ಇಷ್ಟರಲ್ಲೇ ಅವರ ಸಂಸಾರ ಸವೆದಿತ್ತು. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಊಟಕ್ಕೆ ಬನ್ನಿ, ಅಂಟು ಮುಗಿದಿದೆ, ಯಾರೋ ಕರೀತಿದ್ದಾರೆ ನೋಡಿ, ಹೀಗೆ. ಟ್ಯಾಬ್ ಬಂದ ಮೇಲೆ ಪರದೆ ಚಿಕ್ಕದಾದದ್ದರಿಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂರಬೇಕಾಯಿತು. ಅವನು ಉಳಿದ ಪಟ್ಟಿಗಳಿಂದ ಅದಕ್ಕೊಂದು ಚೌಕಟ್ಟು ಮಾಡಿ, ಮೇಜಿನ ಮೇಲಿಡುವ ಫೋಟೊಗಳಿಗೆ ಹಾಕುವಂಥ ಮಡಚುಗಾಲನ್ನು ಹಿಂದೆ ಕೂರಿಸಿದ. ಅಂಗಡಿ ಮುಚ್ಚಿದ ಮೇಲೆ ದಿನವೂ ಒಂದು ಕಂತು. ದೋಣಿ ಕಟ್ಟುವ ಒಂದು ಮನೆತನದ ಕಥೆ ಅದು. ಮುಂಗೋಪದ ಯಜಮಾನ, ಮಾತಿಗೆ ಮಾತು ಕೊಡುವ ಅವನ ಹೆಂಡತಿ, ಬೆಸೆದ ಹುಬ್ಬಿನ ಅತ್ತೆ, ಎಲ್ಲರಿಗೂ ಬೇಕಾದ ಒಬ್ಬ ಚಿಕ್ಕವನು. ಅತ್ತೆ ಕಾಣಿಸಿದಾಗಲೆಲ್ಲ ಹೆಂಡತಿ ಇವನ ಮಂಡಿಯ ಮೇಲೆ ತಟ್ಟಿ, "ಬಂದ್ಳು ನೋಡಿ ನಿಮ್ಮಮ್ಮ" ಎನ್ನುವಳು. ಅವನು ಮುಖ ಗಂಟಿಕ್ಕಿದಂತೆ ಮಾಡಿ ಒಳಗೊಳಗೇ ನಗುವನು. ಮಧ್ಯಾಹ್ನದ ಹೊತ್ತಿಗೇ ಅವನ ಕಿವಿ ಸಂಜೆಯ ಆ ಹಾಡಿಗಾಗಿ ಕಾಯತೊಡಗಿತ್ತು. ಇದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗಬಾರದು ಎಂದು ಕಟ್ಟುಪಾಡು ಹಾಕಿದವಳೂ ಅವಳೇ.

ಹಾಗೆ ನಡೆಯುತ್ತಿದ್ದಾಗ ನೆಟ್ ನಿಲ್ಲತೊಡಗಿತು. ಕಥೆ ಒಳ್ಳೆಯ ಬಿಸಿಯಲ್ಲಿರುವಾಗ ಅವಳು ಇದ್ದಕ್ಕಿದ್ದಂತೆ, "ಅಯ್ಯೋ, ನಿಂತೇ ಹೋಯ್ತಲ್ಲ. ರೀ, ಆ ಡಬ್ಬ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಬನ್ನಿ" ಎನ್ನುವಳು. ನೆಟ್‌ನ ಆ ಡಬ್ಬ ಇದ್ದದ್ದು ಪ್ಯಾಸೇಜಿನ ಗೋಡೆಯಲ್ಲಿ. ಅವನು ಎದ್ದು ಹೋಗಿ, ಸ್ವಿಚ್ ಆರಿಸಿ, ಮತ್ತೆ ಹಾಕಿ, ದೀಪಗಳೆಲ್ಲ ಹಸಿರಾಗುವ ತನಕ ನಿಂತು ಬರುವನು. ಬರುವಷ್ಟರಲ್ಲಿ ಚಿತ್ರ ಓಡುತ್ತಿರುತ್ತಿತ್ತು.

"ಸ್ವಲ್ಪ ಮುಂದೆ ಹೋಗ್ಬಿಟ್ಟಿದೆ. ಏನಿಲ್ಲ, ಅತ್ತೆ ಸೊಸೆ ಕಿತ್ತಾಡಿದ್ರು ಅಷ್ಟೆ."

ಮೊದಲ ಸಲ ಅವನು ನಂಬಿದ. ಎರಡನೆಯ ಸಲ ತಲೆ ವಾಲಿತು. ನಿಂತ ಗಾಡಿ ನಿಂತಲ್ಲೇ ಇರಬೇಕು. ಅದು ಮುಂದಿನ ಸ್ಟಾಪಿನಲ್ಲಿ ಸಿಗುವುದು ಹೇಗೆ? ಮೂರನೆಯ ಸಲ ಅವನು ಬಾಯಿ ಬಿಡದೆ, ಮರುದಿನ ನೆಟ್‌ನವನಿಗೆ ಹೇಳಿಕಳಿಸಿದ. ಹೆಂಡತಿ ಸಾಮಾನು ತರಲು ಹೋಗಿದ್ದ ಹೊತ್ತಿಗೆ ಆತ ಏಣಿ ಹೊತ್ತು ಬಂದ. ಹೊರಗಿನ ತಂತಿ ಎಳೆದು ನೋಡಿ, ಡಬ್ಬದ ಬೆನ್ನು ತಟ್ಟಿ, ತನ್ನ ಫೋನಿನಲ್ಲಿ ಏನೇನೋ ತೆರೆದು ನೋಡಿ, ಕೊನೆಗೆ ಏಣಿಯ ಮೇಲೆ ಒಂದು ಕಾಲಿಟ್ಟುಕೊಂಡು ಹೇಳಿದ.

"ಅಣ್ಣಾ, ನಿಮ್ಮನೆ ನೆಟ್ ಕಲ್ಲುಬಂಡೆ ಇದ್ದ ಹಾಗಿದೆ. ಒಂದ್ಸಲಾನೂ ನಿಂತಿಲ್ಲ. ನೀವೇ ಸ್ವಿಚ್ ಆಫ್ ಮಾಡಿದ್ದು ಮಾತ್ರ ಕಾಣ್ತಿದೆ."

"ನಾನು ಆಫ್ ಮಾಡಿದ್ದೂ ನಿನಗೆ ಕಾಣುತ್ತಾ?"

"ಎಲ್ಲಾ ಕಾಣುತ್ತೆ."

ಆ ದಿನದಿಂದ ಮೂಲೆಮಟ್ಟ ಆ ಡಬ್ಬವನ್ನೂ ಓರೆಗಣ್ಣಿನಿಂದ ನೋಡತೊಡಗಿದ. ನೆಟ್‌ನವನು ಅಷ್ಟಕ್ಕೆ ಸುಮ್ಮನಾಗದೆ, ತನ್ನ ಮಾತಿಗೆ ಸಾಕ್ಷಿಯಾಗಿ ಟ್ಯಾಬನ್ನೂ ಒತ್ತಿ ತೋರಿಸಿದ. ಕಂತುಗಳು ಸಾಲಾಗಿ ನಿಂತಿದ್ದವು. ನೋಡಿ ಮುಗಿಸಿದವುಗಳ ಕೆಳಗೆ ಅಡ್ಡಡ್ಡ ಒಂದು ಕೆಂಪು ಗೆರೆ. ಎಷ್ಟು ನೋಡಿದ್ದೀರೋ ಅಷ್ಟು ಉದ್ದ ಗೆರೆ ಬರುತ್ತೆ ಅಣ್ಣಾ, ಎಂದು ವಿವರಿಸಿ ಅವನು ಏಣಿ ಹೆಗಲಿಗೇರಿಸಿ ಹೊರಟ. ಮೂಲೆಮಟ್ಟ ಅಲ್ಲೇ ನಿಂತ. ಇಬ್ಬರೂ ಕೂಡಿ ಇನ್ನೂ ನೋಡದೆ ಇದ್ದ ಕಂತುಗಳ ಕೆಳಗೂ ಆ ಗೆರೆ ಹೋಗಿತ್ತು. ಮುಂದಿನದರಲ್ಲಿ ಪೂರ್ತಿ. ಅದರಾಚೆಯದರಲ್ಲಿ ಅರ್ಧ.

ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆವತ್ತು ಸಂಜೆ ಅವನು ಪರದೆಯನ್ನು ನೋಡಲಿಲ್ಲ, ಹೆಂಡತಿಯ ಮುಖವನ್ನು ನೋಡಿದ. ಕಥೆಯಲ್ಲಿ ದೋಣಿಮನೆಗೆ ಬೆಂಕಿ ಬಿದ್ದಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಆದರೆ ಕೈ ಬೆಂಕಿಗಿಂತ ಒಂದು ಕ್ಷಣ ಮೊದಲೇ ಎದ್ದಿತ್ತು. ಮುಂದೇನಾಗುತ್ತದೋ ಎಂದು ಅವಳು ನಿಟ್ಟುಸಿರಿಟ್ಟದ್ದು ಅವನಿಗೆ ಅಂಟು ಒಣಗದ ಮೂಲೆಯಂತೆ ಕಂಡಿತು, ಮುಟ್ಟಿದರೆ ಅಲುಗಾಡುವಂಥದ್ದು. ಇವಳು ಮೊದಲೇ ಎಲ್ಲ ನೋಡಿ ಮುಗಿಸಿ, ಸಂಜೆ ನನ್ನ ಪಕ್ಕ ಕೂತು ಬೆರಗಾದಂತೆ ನಟಿಸುತ್ತಿದ್ದಾಳೆ. ಯಾಕೆ? ನನ್ನ ಜೊತೆ ಕೂರುವುದು ಅವಳಿಗೆ ಮುಗಿಸಬೇಕಾದ ಕೆಲಸವಾಗಿದೆಯೇ? ಕೂತಿದ್ದೇನೆ ಎಂದು ತೋರಿಸಿಕೊಳ್ಳುವುದಕ್ಕೆ ಕೂರುತ್ತಿದ್ದಾಳೆಯೇ? ಅಷ್ಟು ವರ್ಷಗಳ ಮೇಲೆ ಸಿಕ್ಕ ಒಂದು ಹಿಡಿ ಸುಖವೂ ಬಣ್ಣ ಬಳಿದದ್ದು ಎಂದು ಅವನಿಗೆ ಅನ್ನಿಸಿತು. ಮಂಡಿಯ ಮೇಲೆ ಅವಳು ತಟ್ಟಿದಾಗ ಮಂಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅವಳು ಒಮ್ಮೆ ಅವನ ಕಡೆ ನೋಡಿ ಕೈ ತೆಗೆದಳು.

ಊಟಕ್ಕೆ ಕೂತಾಗ ಮಾತು ಅವನ ನಾಲಿಗೆಯ ತುದಿಗೆ ಬಂತು. ನನಗೆ ಎಲ್ಲ ಗೊತ್ತು. ಅಷ್ಟೇ ಹೇಳಿದರೆ ಸಾಕಿತ್ತು, ಉಳಿದದ್ದನ್ನು ಅವಳ ಮುಖವೇ ಹೇಳುತ್ತಿತ್ತು. ಬಾಯಿ ತೆರೆದವನು ತುತ್ತನ್ನಿಟ್ಟು ಮುಚ್ಚಿದ. ಆ ಮಾತು ಇದೇ ಮನೆಯಲ್ಲಿ ಒಮ್ಮೆ ಆಡಿ ಆಗಿತ್ತು.

ಅಂಗಡಿಯಲ್ಲಿ ಮೊದಲು ಮರದ ಕೆಲಸ ಅವನದು, ಗಾಜಿನ ಕೆಲಸ ತಮ್ಮನದು. ತಮ್ಮ ಗಾಜಿನ ಮೇಲೆ ಕಟರನ್ನು ಎಳೆದರೆ ರೇಷ್ಮೆ ಹರಿದಂಥ ಸದ್ದು ಬರುತ್ತಿತ್ತು. ಆಚೆ ಬೀದಿಯಲ್ಲಿ ಇನ್ನೊಂದು ಚೌಕಟ್ಟಿನ ಅಂಗಡಿ ತೆರೆದಾಗ ಅವನು ಅಲ್ಲಿಗೆ ಹೋಗಿಬರುವುದನ್ನು ಯಾರೋ ಕಂಡು ಹೇಳಿದರು. ಮೂಲೆಮಟ್ಟ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹೌದು, ಹೋಗುತ್ತಿದ್ದ. ಒಂದು ದಿನ ಗಿರಾಕಿಗಳ ಎದುರಿನಲ್ಲೇ, "ನನಗೆ ಎಲ್ಲ ಗೊತ್ತು, ನೀನು ಅಲ್ಲಿಗೇ ಹೋಗಿ ಇರು" ಎಂದುಬಿಟ್ಟ. ತಮ್ಮ ಕಟರನ್ನು ಮೇಜಿನ ಮೇಲಿಟ್ಟು, ತೋಳಿನ ಗಾಜಿನ ಪುಡಿಯನ್ನೂ ಕೊಡವದೆ ಹೊರಟುಹೋದ. ಆಚೆ ಬೀದಿಗೂ ಹೋಗಲಿಲ್ಲ. ದೂರದ ಯಾವುದೋ ಊರಿನಲ್ಲಿ ಕೆಲಸಕ್ಕೆ ನಿಂತ. ಅಲ್ಲಿಂದ ಬಂದದ್ದು ಅವನ ಸಾವಿನ ಸುದ್ದಿ ಮಾತ್ರ. ಆ ಅಂಗಡಿಗೆ ಅವನು ಯಾಕೆ ಹೋಗುತ್ತಿದ್ದ ಎಂಬುದು ಕೊನೆಗೂ ತಿಳಿಯಲಿಲ್ಲ. ಕೇಳಬೇಕಾದವನು ಕೇಳಿರಲಿಲ್ಲ, ಹೇಳಬೇಕಾದವನು ಉಳಿದಿರಲಿಲ್ಲ. ಬೀದಿಯಲ್ಲಿ ಸತ್ತವರ ಫೋಟೊಗಳಿಗೆಲ್ಲ ಚೌಕಟ್ಟು ಹಾಕಿದವನ ಮೇಜಿನ ಡ್ರಾಯರಿನಲ್ಲಿ ತಮ್ಮನ ಫೋಟೊ ಚೌಕಟ್ಟಿಲ್ಲದೆ ಹಾಗೇ ಬಿದ್ದಿತ್ತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುವುದಕ್ಕೆ ಇದ್ದವಳು ಒಬ್ಬಳೇ, ಅವಳು ಎತ್ತಲಿಲ್ಲ.

ಹಾಗಾಗಿ ಈ ಸಲ ಮಾತಿಗೆ ಮುಂಚೆ ತಾನೇ ನೋಡಿಬಿಡಬೇಕು ಎಂದು ಅವನು ನಿಶ್ಚಯಿಸಿದ. ಇಡೀ ರುಜುವಾತು ಕೈಯಲ್ಲಿರಲಿ. ಆಮೇಲೆ ಕೇಳೋಣ.

ಮರುದಿನ ಬೆಳಿಗ್ಗೆ ಅವಳು ಕನ್ನಡಕ ಬದಲಾಯಿಸಲು ಕಣ್ಣಿನ ಡಾಕ್ಟರ ಬಳಿಗೆ ಹೋದಳು. ಅವನು ಟ್ಯಾಬನ್ನು ಅಂಗಡಿಗೆ ತಂದು, ಅರ್ಧ ಬಾಗಿಲು ಎಳೆದು, ತಮ್ಮ ಗಾಜು ಕೊಯ್ಯುತ್ತಿದ್ದ, ಈಗ ಖಾಲಿ ಬಿದ್ದಿದ್ದ ಮೇಜಿನ ಮೇಲೆ ನಿಲ್ಲಿಸಿದ. ಮೊದಲು ನೆಟ್ ನಿಂತಿತು ಎಂದು ಅವಳು ಹೇಳಿದ್ದ ಕಂತುಗಳನ್ನು ಹುಡುಕಿದ. ಬೆರಳು ದಪ್ಪ, ಒಮ್ಮೆ ಹಿಂದೆ, ಒಮ್ಮೆ ಮುಂದೆ ಜಾರಿ, ಕೊನೆಗೆ ತಾನು ಎದ್ದು ಹೋದ ಜಾಗ ಸಿಕ್ಕಿತು. ಅತ್ತೆಯೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಯಜಮಾನ ಕೆಲಸಗಾರರ ಎದುರಿನಲ್ಲಿ ತನ್ನ ತಮ್ಮನಾದ ಆ ಚಿಕ್ಕವನ ಮೇಲೆ ಕೂಗಾಡುತ್ತಿದ್ದ, ಚಿಕ್ಕವನು ತಲೆ ತಗ್ಗಿಸಿ ನಿಂತಿದ್ದ. ಅದು ಮುಗಿಯುವ ಹೊತ್ತಿಗೆ, ಆವತ್ತು ತಾನು ಮರಳಿ ಬಂದಾಗ ಕಂಡಿದ್ದ ದೃಶ್ಯ ಬಂತು. ಎರಡನೆಯ ಜಾಗದಲ್ಲಿ ಚಿಕ್ಕವನು ಚೀಲ ಹೆಗಲಿಗೆ ಹಾಕಿ ಹೊರಡುವುದು. ಮೂರನೆಯದರಲ್ಲಿ ಅಣ್ಣ ರಸ್ತೆಯ ತಿರುವಿನ ತನಕ ಬಂದು, ಕರೆಯದೆ ಹಿಂದಿರುಗುವುದು.

ಮೂಲೆಮಟ್ಟ ಚಿತ್ರವನ್ನು ನಿಲ್ಲಿಸಿದ. ಹೊರಗೆ ಯಾರೋ ಬಾಗಿಲು ತಟ್ಟಿ, ಆಮೇಲೆ ಬರುತ್ತೇನೆ ಎಂದು ಹೋದರು. ಆಮೇಲೆ ಗೆರೆ ಅರ್ಧಕ್ಕೆ ನಿಂತಿದ್ದ ಕಂತನ್ನು ಒತ್ತಿದ. ಅವಳು ಬಿಟ್ಟಲ್ಲಿಂದಲೇ ಅದು ಶುರುವಾಯಿತು. ಚಿಕ್ಕವನು ಸತ್ತ ಸುದ್ದಿ ಬಂದಾಗಿತ್ತು. ಅಣ್ಣ ಅವನ ಕೋಣೆಯಲ್ಲಿ ನಿಂತಿದ್ದ, ಗೋಡೆಯ ಮೇಲೆ ಫೋಟೊ. ನಟ ಅತಿಯಾಗಿ ಅಳುತ್ತಿದ್ದ. ಚೌಕಟ್ಟು ಅಗ್ಗದ್ದು, ಎಡಗಡೆಯ ಕೆಳಮೂಲೆ ಕೂಡಿರಲಿಲ್ಲ, ಮೊಳೆಯ ತಲೆ ಕಾಣುತ್ತಿತ್ತು. ಇಂಥ ಕೆಲಸವನ್ನು ಯಾರು ಮಾಡಿ ಕೊಟ್ಟರೋ ಎಂದು ಅವನು ಅದನ್ನೇ ದಿಟ್ಟಿಸಿ ನೋಡಿದ. ನೋಡುತ್ತಿದ್ದಂತೆ ಆ ಮೂಲೆ ಮಸುಕಾಯಿತು, ಚೌಕಟ್ಟು ಮಸುಕಾಯಿತು, ಕೊನೆಗೆ ಪರದೆಯೇ ಕಾಣದಾಯಿತು. ಕಂತು ತನ್ನಷ್ಟಕ್ಕೆ ಓಡಿ ಮುಗಿಯಿತು.

ಅವಳು ಇಲ್ಲಿಗೆ ಬಂದು ನಿಲ್ಲಿಸಿದ್ದಳು. ಅವಳಿಗೂ ಇದರಾಚೆ ನೋಡಲು ಆಗಿರಲಿಲ್ಲ. ದಿನವೂ ಮಧ್ಯಾಹ್ನ, ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಎಲ್ಲಿ ಕಲ್ಲಿದೆ, ಎಲ್ಲಿ ಮುಳ್ಳಿದೆ ಎಂದು ದಾರಿಯನ್ನು ಮೊದಲೇ ನಡೆದು ನೋಡಿ ಬರುತ್ತಿದ್ದಳು. ಸಂಜೆ ಅವನನ್ನು ಕೈಹಿಡಿದು ಅದರ ಪಕ್ಕದಿಂದ ದಾಟಿಸುತ್ತಿದ್ದಳು. ಹೇಳಲು ಬಾರದ್ದಕ್ಕೆ ನೆಟ್ ನಿಂತಿತು ಎನ್ನುತ್ತಿದ್ದಳು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತರು. ಅವಳು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಕಂತುಗಳ ಸಾಲನ್ನು ತೆರೆದಳು. ಬೆರಳು ನಿಂತಿತು. ತಾನು ಅರ್ಧಕ್ಕೆ ಬಿಟ್ಟಿದ್ದ ಕೆಂಪು ಗೆರೆ ಕೊನೆಯ ತನಕ ಹೋಗಿತ್ತು. ಅವಳು ತಿರುಗಲಿಲ್ಲ. ಮೆಲ್ಲಗೆ ಆ ಕಂತನ್ನೇ ಮೊದಲಿನಿಂದ ಒತ್ತಿದಳು. ಹಾಡು ಬಂತು, ಅತ್ತೆ ಬಂದಳು. ಯಾರೂ ಯಾರ ಮಂಡಿಯನ್ನೂ ತಟ್ಟಲಿಲ್ಲ. ದೋಣಿಮನೆಯ ಬಾಗಿಲಿಗೆ ಸುದ್ದಿ ತಂದವನು ಬಂದು ನಿಂತಾಗ ಅವಳು ಚಿತ್ರವನ್ನು ನಿಲ್ಲಿಸಿದಳು, ಮುಂದಕ್ಕೆ ಹಾರಿಸಲು ಹೋದ ಬೆರಳು ಪರದೆಯ ಹತ್ತಿರವೇ ತೂಗಾಡಿತು.

"ನೆಟ್‌ನವನು ಬಂದಿದ್ದ" ಎಂದ ಅವನು.

"ಏನಂದ?"

"ಸಂಜೆ ಹೊತ್ತು ಎಲ್ಲರೂ ಒಟ್ಟಿಗೆ ಹಾಕ್ತಾರಲ್ಲ, ಅದಕ್ಕೇ ಆಗಾಗ ನಿಲ್ಲುತ್ತಂತೆ. ಏನೂ ಮಾಡೋಕಾಗಲ್ಲ ಅಂದ."

ಅವಳು ತಲೆ ಒಂದಿಷ್ಟು ವಾಲಿಸಿ, ಕನ್ನಡಕದ ಹಿಂದೆ ಒಂದು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಅಷ್ಟು ವರ್ಷ ಜೊತೆಗಿದ್ದು ಅವನಿಂದಲೇ ಕಲಿತ ನೋಟ.

"ಹಾಗಂದ್ನಾ?"

"ಹಾಗೇ ಅಂದ. ತಡಿ, ಡಬ್ಬ ನೋಡಿ ಬರ್ತೀನಿ."

ಅವನು ಎದ್ದು ಪ್ಯಾಸೇಜಿಗೆ ಹೋದ. ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಸ್ವಿಚ್ಚನ್ನು ಮುಟ್ಟದೆ, ಗೋಡೆಗೆ ಒರಗಿ ನಿಂತ. ಅವಳಿಗೆ ಬೇಕಾದಷ್ಟು ಹೊತ್ತು ಕೊಟ್ಟ. ಒಳಗಿನಿಂದ ಕಥೆ ಮುಂದಕ್ಕೆ ಹಾರಿದ ಸದ್ದು ಬರಲಿಲ್ಲ. ಯಾವ ಸದ್ದೂ ಬರಲಿಲ್ಲ.

ಹಿಂದಿರುಗಿ ಬಂದಾಗ ಚಿತ್ರ ಬಿಟ್ಟಲ್ಲೇ ನಿಂತಿತ್ತು. ಸುದ್ದಿ ತಂದವನು ಬಾಗಿಲಲ್ಲೇ ಇದ್ದ, ಬಾಯಿ ಅರ್ಧ ತೆರೆದು. ಅವಳು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿದ್ದಳು. ಅವನು ಕೂತು, ಅವಳ ಕೈಯನ್ನು ಎತ್ತಿ ತನ್ನ ಮಂಡಿಯ ಮೇಲೆ ಇಟ್ಟುಕೊಂಡ.

"ನೆಟ್ ಬಂತಾ?" ಎಂದು ಕೇಳಿದಳು.

"ಬಂದಿದೆ. ಹಾಕು."